ಸಲ್ಲದ ನಾಣ್ಯ

ನಮ್ಮ ನೆರೆಮನೆಯ ಹೆಣ್ಣುಮಗಳು ಕಳೆದ ತಿಂಗಳು ಅಮೆರಿಕದಿಂದ ತೌರಿಗೆ ಬಂದಿದ್ದಳು. ನಮ್ಮನ್ನು ಕಾಣಲು ಬಂದಾಗ ಹೊಂಬಣ್ಣದ ನಾಣ್ಯವೊಂದನ್ನು ನಮ್ಮ ಕೈಯಲ್ಲಿಟ್ಟಳು. ಅದರ ಒಂದು ಮುಖದಲ್ಲಿ ಬೆನ್ನಿಗೆ ಹಸುಗೂಸನ್ನು ಕಟ್ಟಿಕೊಂಡ ಸ್ತ್ರೀ. ಮತ್ತೊಂದರಲ್ಲಿ ಹಾರುವ ಹದ್ದು. “ಇದು ಒಂದು ಡಾಲರು, ಮೇಷ್ಟ್ರೇ. ರೈಲು ಟಿಕೀಟಿನ ಯಂತ್ರ ಚಿಲ್ಲರೆಯಾಗಿ ಕೊಟ್ಟಿತು. ಅಂಗಡಿಯಲ್ಲಿ ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಹಾಗಾಗಿ ಚೀಲದಲ್ಲೇ ಉಳಿಯಿತು” ಎಂದಳು. ಸರ್ಕಾರದ ಮುದ್ರೆಯುಳ್ಳ ನಾಣ್ಯವು ಆ ಸರ್ಕಾರದ ನಾಡಿನಲ್ಲಿಯೇ ಸಲ್ಲಲು ಸಂಕೋಚಪಡುವುದೇಕೆಂಬ ಪ್ರಶ್ನೆಯು ನಮ್ಮನ್ನು ಬಹುಕಾಲ ಬಿಡಲಿಲ್ಲ.

ಡಾಲರು ಹುಟ್ಟಿದ್ದು ನಾಣ್ಯವಾಗಿಯೇ. ೧೭೯೨ರ ಕಾನೂನಿನಂತೆ ಅಮೆರಿಕದ ಟಂಕಸಾಲೆಯು ಸ್ಥಾಪಿತವಾಗಿ, ೧೭೯೪ರಲ್ಲಿ ಮೊದಲ ಬೆಳ್ಳಿಯ ಡಾಲರು ಹೊರಬಂದಿತು. ಒಂದು ಡಾಲರಿನ ಸರ್ಕಾರಿ ನೋಟು ಬಂದುದು ೧೮೬೨ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ. ಹಗುರವಾದ ಕಾಗದಕ್ಕೆ ಒಗ್ಗಿದ ಕೈಗೆ ಲೋಹವು ಕ್ರಮೇಣ ಭಾರವಾಯಿತು. ೧೯೭೧ರಲ್ಲಿ ಐಸೆನ್‌ಹೋವರರ ಮುಖವುಳ್ಳ ಡಾಲರನ್ನು ಹೊರತಂದರು; ಮೂವತ್ತೆಂಟು ಮಿಲಿಮೀಟರು ಅಗಲದ ಆ ನಾಣ್ಯವನ್ನು ಜೇಬಿನಲ್ಲಿ ಹೊರಲು ಜನರು ಒಪ್ಪಲಿಲ್ಲ.

ದೊಡ್ಡದಾಯಿತೆಂದು ಆಕ್ಷೇಪ ಬಂದುದರಿಂದ ೧೯೭೯ರಲ್ಲಿ ಚಿಕ್ಕ ಡಾಲರನ್ನು ಹೊಡೆದರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥೊನಿಯವರ ಮುಖ ಅದರ ಮೇಲಿತ್ತು. ೧೮೭೨ರಲ್ಲಿ ಮತ ಹಾಕಿದ ಅಪರಾಧಕ್ಕಾಗಿ ವಿಧಿಸಿದ ನೂರು ಡಾಲರು ದಂಡವನ್ನು ಆ ಮಹಿಳೆಯು ಕಡೆಯವರೆಗೂ ತೆರಲಿಲ್ಲವಂತೆ! ಆಕೆಯ ನಾಣ್ಯದ ಅಗಲ ೨೬.೫ ಮಿಲಿಮೀಟರು, ಕಾಲು ಡಾಲರಿನ ಅಗಲ ೨೪.೩. ಬಣ್ಣ ಒಂದೇ, ಅಂಚಿನ ಗೀರುಗಳೂ ಒಂದೇ. ಅವಸರದಲ್ಲಿ ಕಾಲು ಡಾಲರೆಂದು ಒಂದು ಡಾಲರನ್ನು ಕೊಟ್ಟವನಿಗೆ ಮುಕ್ಕಾಲು ಡಾಲರು ನಷ್ಟ. ಮೂರು ವರ್ಷಗಳಲ್ಲಿಯೇ ಅದನ್ನು ನಿಲ್ಲಿಸಿದರು.

ತಪ್ಪನ್ನು ತಿದ್ದಿಕೊಂಡು ೨೦೦೦ದಲ್ಲಿ ಹೊಂಬಣ್ಣದ, ನುಣುಪಂಚಿನ ಡಾಲರನ್ನು ತಂದರು. ನಮ್ಮ ಕೈಗೆ ಬಂದುದು ಅದೇ. ೧೮೦೪ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ಯಾತ್ರೆಯಲ್ಲಿ ಕೂಸಿನೊಡನೆ ಜೊತೆಗೂಡಿದ ಶೊಶೋನಿ ಕುಲದ ಸಕಗವೇಯ ಎಂಬ ತರುಣಿಯ ರೂಪ ಅದರ ಮೇಲಿದೆ. ಮೊದಲ ವರ್ಷವೇ ನೂರು ಕೋಟಿಗೂ ಮಿಕ್ಕು ಹೊಡೆದರು. ಜನರು ಅಂದವೆಂದು ಮೆಚ್ಚಿ ಪೆಟ್ಟಿಗೆಯಲ್ಲಿಟ್ಟರೇ ಹೊರತು ವೆಚ್ಚಮಾಡಲಿಲ್ಲ. ೨೦೦೭ರಿಂದ ಅಧ್ಯಕ್ಷರ ಮುಖಗಳನ್ನು ವರ್ಷಕ್ಕೆ ನಾಲ್ಕರಂತೆ ಅಚ್ಚೊತ್ತಿದರು. ಅವು ಫೆಡರಲ್ ರಿಸರ್ವ್ ಬ್ಯಾಂಕುಗಳ ಉಗ್ರಾಣಗಳಲ್ಲಿ ನೂರು ಕೋಟಿಗೂ ಮೀರಿ ರಾಶಿಬೀಳಲು, ೨೦೧೧ರ ಡಿಸೆಂಬರಿನಲ್ಲಿ ಚಲಾವಣೆಗಾಗಿ ಹೊಡೆಯುವುದನ್ನೇ ನಿಲ್ಲಿಸಬೇಕಾಯಿತು. ಇದರ ನಡುವೆ ಒಂದು ವಿನೋದವೂ ನಡೆಯಿತು. ಟಂಕಸಾಲೆಯವರು ೨೦೦೮ರಿಂದ ಸಾಗಾಣೆಯ ವೆಚ್ಚವಿಲ್ಲದೆ ನಾಣ್ಯಗಳನ್ನು ಮನೆಬಾಗಿಲಿಗೆ ಕಳುಹಿಸತೊಡಗಿದರು. ಕೆಲವು ಜಾಣರು ಸಾಲದ ಕಾರ್ಡಿನಿಂದ ಹಣ ತೆತ್ತು ನಾಣ್ಯಗಳನ್ನು ತರಿಸಿ, ಬ್ಯಾಂಕಿಗೆ ಕಟ್ಟಿ ಆ ಸಾಲವನ್ನು ತೀರಿಸಿ, ಕಾರ್ಡಿನವರು ಕೊಡುವ ವಿಮಾನಯಾನದ ಬಹುಮಾನವನ್ನು ಗಳಿಸಿದರು! ೨೦೧೧ರಲ್ಲಿ ಟಂಕಸಾಲೆಯವರು ಅದಕ್ಕೆ ಕಾರ್ಡುಗಳನ್ನು ಸ್ವೀಕರಿಸುವುದನ್ನು ಬಿಟ್ಟರು.

ಗಾತ್ರವನ್ನೂ ಬಣ್ಣವನ್ನೂ ಮುಖವನ್ನೂ ಬದಲಾಯಿಸಿದರು. ಬದಲಾಯಿಸದೆ ಉಳಿದುದು ಒಂದೇ, ಕಾಗದದ ನೋಟು. ಅದು ಸುಮಾರು ಒಂದು ಗ್ರಾಂ ತೂಗುವುದು. ನಾಣ್ಯವು ಎಂಟು ಗ್ರಾಂ. ಎರಡೂ ಎದುರಿಗಿರುವಾಗ ಭಾರವನ್ನು ಆರಿಸಿಕೊಳ್ಳುವವರು ಯಾರು? ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇದಕ್ಕೊಂದು ಮನೆಯಿಲ್ಲ. ಗಿರಾಕಿ ಕೊಡುವುದಿಲ್ಲವೆಂದು ಅಂಗಡಿಯವನು ಮನೆ ಮಾಡುವುದಿಲ್ಲ. ಅಂಗಡಿಯವನು ಕೇಳುವುದಿಲ್ಲವೆಂದು ಬ್ಯಾಂಕಿನವರು ತರಿಸುವುದಿಲ್ಲ. ಬ್ಯಾಂಕಿನಿಂದ ಬಾರದುದರಿಂದ ಗಿರಾಕಿಯ ಕೈಗೆ ಸಿಕ್ಕುವುದಿಲ್ಲ. ತರ್ಕಶಾಸ್ತ್ರದಲ್ಲಿ ಇದನ್ನೇ ಅನ್ಯೋನ್ಯಾಶ್ರಯ ದೋಷವೆನ್ನುವರು. ಕೆನಡಾ ದೇಶದವರು ೧೯೮೭ರಲ್ಲಿ ಡಾಲರು ನಾಣ್ಯವನ್ನು ತಂದು ೧೯೮೯ರಲ್ಲಿ ನೋಟನ್ನು ನಿಲ್ಲಿಸಿದರು. ಬ್ರಿಟನ್ನಿನವರು ೧೯೮೩ರಲ್ಲಿ ಒಂದು ಪೌಂಡಿನ ನಾಣ್ಯವನ್ನು ತಂದು ೧೯೮೮ರಲ್ಲಿ ನೋಟನ್ನು ಹಿಂತೆಗೆದರು. ಎರಡು ಕಡೆಗಳಲ್ಲಿಯೂ ನಾಣ್ಯವು ಬೇರೂರಿತು.

ಹಾಗಾದರೆ ಅಮೆರಿಕದ ಜನರು ಹಟಮಾರಿಗಳೆನ್ನೋಣವೇ? ನಾವೂ ಮೊದಲು ಹಾಗೆಯೇ ಎಣಿಸಿದೆವು. ಆದರೆ ಲೆಕ್ಕವನ್ನು ನೋಡಬೇಕು. ನೋಟನ್ನು ಬಿಟ್ಟು ನಾಣ್ಯವನ್ನು ಹಿಡಿದರೆ ಮೂವತ್ತು ವರ್ಷಗಳಲ್ಲಿ ಸುಮಾರು ೫೫೦ ಕೋಟಿ ಡಾಲರು ಲಾಭವೆಂದು ಆ ಸರ್ಕಾರದ ಲೆಕ್ಕಪರಿಶೋಧಕರು ೨೦೧೧ರಲ್ಲಿ ಹೇಳಿದರು. ಆ ಲಾಭದ ಮೂಲವಾವುದು? ನಾಣ್ಯಗಳು ಮನೆಯ ಬಟ್ಟಲು ಡಬ್ಬಿಗಳಲ್ಲಿ ಮಲಗುವ ಸ್ವಭಾವದವು. ಆದಕಾರಣ ನೋಟುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಅವನ್ನು ಹೊರಡಿಸಬೇಕಾಗುವುದು. ಹಾಗೆ ಮಲಗಿದ ಹಣವು ಪ್ರಜೆಯು ಸರ್ಕಾರಕ್ಕೆ ಬಡ್ಡಿಯಿಲ್ಲದೆ ಕೊಟ್ಟ ಸಾಲದಂತೆ. ಲಾಭವು ಬೊಕ್ಕಸಕ್ಕೆ, ಭಾರವು ಪ್ರಜೆಯ ಜೇಬಿಗೆ! ಮುಂದೆ ನೋಟಿನ ಆಯುಸ್ಸು ಆರು ವರ್ಷಗಳಿಗೂ ಮೀರಿ ಬೆಳೆಯಿತು. ಜನರು ರೊಕ್ಕ ಕೊಡುವುದೂ ಕಡಮೆಯಾಯಿತು. ೨೦೧೯ರಲ್ಲಿ ಅದೇ ಪರಿಶೋಧಕರು ಈ ಬದಲಾವಣೆಯಿಂದ ಸರ್ಕಾರಕ್ಕೆ ಲಾಭವಿರಲಾರದೆಂದು ಅಭಿಪ್ರಾಯಪಟ್ಟರು.

ಈ ವಿಚಾರವು ನಮ್ಮದೊಂದು ತಪ್ಪನ್ನೂ ನೆನಪಿಗೆ ತಂದಿತು. ಹತ್ತು ರೂಪಾಯಿಗೆ ನಮ್ಮಲ್ಲಿಯೂ ನೋಟು ನಾಣ್ಯಗಳೆರಡೂ ಉಂಟಷ್ಟೆ. ಕೆಲವು ಅಚ್ಚಿನ ನಾಣ್ಯಗಳು ಖೋಟಾ ಎಂಬ ಗಾಳಿಸುದ್ದಿ ಹಬ್ಬಲು, ೨೦೧೬ರಲ್ಲಿಯೂ ೨೦೧೮ರಲ್ಲಿಯೂ ರಿಸರ್ವ್ ಬ್ಯಾಂಕಿನವರು ಎಲ್ಲ ಅಚ್ಚುಗಳೂ ಸಲ್ಲತಕ್ಕವೇ ಎಂದು ಸಾರಿದರು. ಆದರೂ ನಮ್ಮ ಬೀದಿಗೆ ಸೊಪ್ಪು ತರುವಾಕೆ ಆ ನಾಣ್ಯವನ್ನು ಬೇಡವೆಂದಳು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆ ಸುಮ್ಮನಿದ್ದೀತೇ? ಬಾಗಿಲಲ್ಲಿ ನಿಂತು ಕಾನೂನನ್ನು ಬೋಧಿಸಿ, ತಿಳಿಯದವಳೆಂದು ಗದರಿಸಿದೆವು. ಆಕೆ, “ನಾನು ಈಸ್ಕೊಂತೀನಿ ಸ್ವಾಮಿ, ನನ್ನ ತಾವ ಯಾರು ಈಸ್ಕೊಂತಾರೆ?” ಎಂದು ಬುಟ್ಟಿಯನ್ನೆತ್ತಿಕೊಂಡು ಹೋದಳು.

ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂದು ನಾವೇ ವರ್ಷವರ್ಷವೂ ಹುಡುಗರಿಗೆ ಹೇಳಿದವರು. ಕೆಸರಿನಲ್ಲಿ ಹುಟ್ಟುವುದು ಎಷ್ಟೋ ಉಂಟು, ಪಂಕಜವೆಂದರೆ ತಾವರೆಯೊಂದೇ. ಶಬ್ದಕ್ಕೆ ವ್ಯಾಕರಣವಿದ್ದಂತೆ ನಾಣ್ಯಕ್ಕೆ ಕಾನೂನು. ಎರಡನ್ನೂ ನಡೆಯಿಸುವುದು ರೂಢಿ. ಮುಂದಿನವನು ತೆಗೆದುಕೊಳ್ಳುವನೆಂಬ ನಂಬಿಕೆಯೇ ಹಣ. ಸೊಪ್ಪಿನವಳ ಪ್ರಶ್ನೆಗೆ ನಮ್ಮ ಬೋಧೆಯಲ್ಲಿ ಉತ್ತರವಿರಲಿಲ್ಲ. ಆ ನಂಬಿಕೆ ಸುಳ್ಳಾದರೆ ಆ ದಿನದ ಸಂಪಾದನೆಯನ್ನು ಕಳೆದುಕೊಳ್ಳುವವಳು ಅವಳು. ಪಿಂಚಣಿಯ ನಮಗೇನು ನಷ್ಟ?

ಮರುದಿನ ಆಕೆ ಬಂದಾಗ ನಾವು ನಾಣ್ಯವನ್ನು ಕೊಡಲಿಲ್ಲ. ಇಪ್ಪತ್ತರ ನೋಟನ್ನು ಕೊಟ್ಟು, “ನಿನ್ನ ಹತ್ತಿರ ಉಳಿದ ಹತ್ತರ ನಾಣ್ಯವಿದ್ದರೆ ಚಿಲ್ಲರೆಗೆ ಅದನ್ನೇ ಕೊಡಮ್ಮ” ಎಂದೆವು. ಸೆರಗಿನ ಗಂಟಿನಿಂದ ಒಂದನ್ನು ಬಿಚ್ಚಿ ಕೊಟ್ಟಳು. ಈಗ ವಾರಕ್ಕೆ ಒಂದೆರಡು ನಾಣ್ಯಗಳು ಆಕೆಯಿಂದ ನಮಗೂ, ನಮ್ಮಿಂದ ಆಕೆಗೂ ಸಲ್ಲುತ್ತಿವೆ.