ನೀತಿಪಾಠದ ಜಾಮೀನು

1967ರಲ್ಲಿ ಅಮೆರಿಕದಲ್ಲಿ ಎರಡು ಪುಸ್ತಕ ಹೊರಬಂದವು. ಒಂದು ‘ದಿ ಔಟ್‌ಸೈಡರ್ಸ್’ ಕಾದಂಬರಿ. ಬರೆದದ್ದು ಓಕ್ಲಹೋಮದ ಟಲ್ಸಾ ನಗರದ ಹುಡುಗಿ ಎಸ್.ಇ. ಹಿಂಟನ್. ಹದಿನೈದಕ್ಕೆ ಬರೆಯಲು ಕೂತದ್ದು ಅಚ್ಚಾಗುವಾಗ ಅವಳಿಗೆ ಹದಿನೆಂಟು. ಇನ್ನೊಂದು ‘ಡೌನ್ ದೀಸ್ ಮೀನ್ ಸ್ಟ್ರೀಟ್ಸ್’. ನ್ಯೂಯಾರ್ಕಿನ ಸ್ಪ್ಯಾನಿಷ್ ಹಾರ್ಲೆಮ್‌ನಲ್ಲಿ ಬೆಳೆದು, ದರೋಡೆಗೆ ಇಳಿದು, ಪೊಲೀಸನಿಗೆ ಗುಂಡು ಹೊಡೆದು ಏಳು ವರ್ಷ ಜೈಲು ಕಂಡ ಪೀರಿ ಥಾಮಸ್ ಅವರ ಆತ್ಮಕಥೆ. ಎರಡರಲ್ಲೂ ಬೀದಿ ಗ್ಯಾಂಗುಗಳಿವೆ, ಹೊಡೆದಾಟವಿದೆ, ನೆತ್ತರಿದೆ.

ಹಿಂಟನ್ ಪುಸ್ತಕ ಶಾಲೆಯ ಪಾಠಪಟ್ಟಿ ಸೇರಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಕಡೆಯ ಒಂದು ಶಾಲೆಯ ಮಕ್ಕಳು ಗ್ರಂಥಪಾಲಕಿಯ ಜತೆಗೂಡಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಪತ್ರ ಬರೆದರು, 1983ರಲ್ಲಿ ಸಿನಿಮಾ ಬಂತು. ಒಂದೂವರೆ ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವು. 2024ರಲ್ಲಿ ಅದರ ಸಂಗೀತ ನಾಟಕಕ್ಕೆ ಟೋನಿ ಪ್ರಶಸ್ತಿಯೂ ಬಂತು. ಥಾಮಸ್ ಪುಸ್ತಕ 1971ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಕೆಲವು ಶಾಲಾ ಗ್ರಂಥಾಲಯಗಳಿಂದ ಹೊರಬಿತ್ತು. 1976ರಲ್ಲಿ ಲಾಂಗ್ ಐಲೆಂಡಿನ ಐಲೆಂಡ್ ಟ್ರೀಸ್ ಶಾಲಾ ಮಂಡಳಿ ಕಪಾಟಿನಿಂದ ಕಿತ್ತುಹಾಕಿದ ಪುಸ್ತಕಗಳ ಪಟ್ಟಿಯಲ್ಲೂ ಅದು ಇತ್ತು. ಅದರ ವಿರುದ್ಧ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲೆಯ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂಬ ಮಾತು 1982ರಲ್ಲಿ ಹೊರಬಿತ್ತು. ಅದೂ ನ್ಯಾಯಮೂರ್ತಿಗಳು ಹರಿದು ಹಂಚಿಹೋದ ತೀರ್ಪು.

ಬಿಳಿ ಹುಡುಗರ ಗ್ಯಾಂಗಾದರೆ ಸಾಹಿತ್ಯ, ಪೋರ್ಟೊ ರಿಕೊ ಮೂಲದ ಕಪ್ಪು ಹುಡುಗನದ್ದಾದರೆ ಹೊಲಸು ಎಂದು ಇಲ್ಲಿಗೇ ಷರಾ ಬರೆದು ಮುಗಿಸಬಹುದು. ಅದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಥಾಮಸ್ ಬರೆದದ್ದು ದೊಡ್ಡವರಿಗಾಗಿ. ಹೆರಾಯಿನ್, ಲೈಂಗಿಕತೆ ಎರಡೂ ಅಲ್ಲಿ ಬಿಚ್ಚಿಟ್ಟಂತಿವೆ. ಹಿಂಟನ್ ಕೂಡ ಪೂರ್ತಿ ಪಾರಾಗಲಿಲ್ಲ. 1986ರಲ್ಲಿ ವಿಸ್ಕಾನ್ಸಿನ್‌ನ ಸೌತ್ ಮಿಲ್ವಾಕಿಯಲ್ಲಿ ಅವರ ಕಾದಂಬರಿಯ ಮೇಲೆ ದೂರು ಬಂತು: ಪಾತ್ರಗಳಲ್ಲಿ ಬಹುತೇಕ ಎಲ್ಲರೂ ಮುರಿದ ಮನೆಗಳಿಂದ ಬಂದವರಂತೆ. ಕಥೆಯ ಮೂವರು ಅಣ್ಣತಮ್ಮಂದಿರ ಅಪ್ಪ ಅಮ್ಮ ಸತ್ತದ್ದು ಕಾರು ಅಪಘಾತದಲ್ಲಿ. ಅನಾಥರಾಗುವುದೂ ಒಂದು ದುರ್ನಡತೆ ಎಂದು ನನಗೆ ಗೊತ್ತಿರಲಿಲ್ಲ.

ಆದರೆ ನನ್ನ ತಕರಾರು ನಿಷೇಧ ಕೇಳುವವರ ಮೇಲಷ್ಟೇ ಅಲ್ಲ. ಅವರ ವಾದ ಹಳೆಯದು, ಉತ್ತರವೂ ಹಳೆಯದು. ನನ್ನನ್ನು ಹೆಚ್ಚು ಕಾಡುವುದು ಈ ಪುಸ್ತಕಗಳ ಪರವಾಗಿ ನಿಲ್ಲುವವರ ವಾದ.

2011ರಲ್ಲಿ ಪುಸ್ತಕ ವಿಮರ್ಶಕಿ ಮೇಘನ್ ಕಾಕ್ಸ್ ಗರ್ಡನ್ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ, ಹದಿಹರೆಯದವರ ಪುಸ್ತಕಗಳು ಮಿತಿಮೀರಿ ಕತ್ತಲಾಗಿವೆ ಎಂದು ಬರೆದಾಗ ಟ್ವಿಟರ್‌ನಲ್ಲಿ ದೊಡ್ಡ ಅಲೆಯೇ ಎದ್ದಿತು. ಇಂಥ ಪುಸ್ತಕಗಳೇ ನಮ್ಮನ್ನು ಉಳಿಸಿದವು ಎಂದು ಓದುಗರೂ ಲೇಖಕರೂ ಸಾಲುಸಾಲಾಗಿ ಸಾಕ್ಷಿ ನುಡಿದರು. ಅವರಲ್ಲಿ ಯಾರದೂ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅಂದಿನಿಂದ ಅದೇ ಸಿದ್ಧ ಸಮರ್ಥನೆಯಾಗಿಬಿಟ್ಟಿದೆ. ಪುಸ್ತಕದ ಮೇಲೆ ದೂರು ಬಂದೊಡನೆ ಗ್ರಂಥಪಾಲಕರು, ಮೇಷ್ಟರುಗಳು, ಪ್ರಕಾಶಕರು ಒಂದೇ ಕಾಗದ ಹಿಡಿದು ಓಡಿಬರುತ್ತಾರೆ: ಇದು ಮಕ್ಕಳನ್ನು ಗ್ಯಾಂಗಿನಿಂದ ದೂರ ಇಡುತ್ತದೆ, ಇದರಲ್ಲಿ ಪಾಠವಿದೆ. ಕಟಕಟೆಗೆ ಹತ್ತಿದ ಹುಡುಗನಿಗೆ ಸಂಭಾವಿತರೊಬ್ಬರು ಜಾಮೀನು ನಿಂತ ಹಾಗೆ, ಕಥೆಗೆ ನೀತಿಪಾಠ ಜಾಮೀನು ನಿಲ್ಲುತ್ತದೆ. ಜಾಮೀನು ಕೊಟ್ಟ ಮೇಲೆ ಷರತ್ತು ಬಾರದೇ ಇರುತ್ತದೆಯೇ?

ಪುಸ್ತಕ ಮಕ್ಕಳನ್ನು ಉಳಿಸಲೇಬೇಕೆಂಬ ಆ ಷರತ್ತು ಎಷ್ಟು ಪೊಳ್ಳೆಂದು ನೋಡಲು ಲೂಯಿಸ್ ರೊಡ್ರಿಗಸ್ ಅವರ ‘ಆಲ್ವೇಸ್ ರನ್ನಿಂಗ್’ ಸಾಕು. ರೊಡ್ರಿಗಸ್ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಮೆಕ್ಸಿಕನ್ ಕೇರಿಗಳ ಗ್ಯಾಂಗಿನಲ್ಲಿ ಬೆಳೆದವರು. ಚಿಕಾಗೋದಲ್ಲಿದ್ದಾಗ ಅವರ ಹದಿಹರೆಯದ ಮಗನೂ ಗ್ಯಾಂಗು ಸೇರಿದ. ಮಗನಿಗೆ ಹೇಳಲೆಂದೇ ಅಪ್ಪ ತನ್ನ ಕಥೆಯನ್ನು ಪುಸ್ತಕವಾಗಿಸಿ 1993ರಲ್ಲಿ ಹೊರತಂದರು. ಅದೂ ಕಾದಂಬರಿಯಲ್ಲ, ಆತ್ಮಕಥೆ. ಆದರೆ ಇಷ್ಟು ನೇರವಾಗಿ ಒಬ್ಬನೇ ಓದುಗನನ್ನು ಉಳಿಸಲು ಬರೆದ ಇನ್ನೊಂದು ಪುಸ್ತಕ ನನಗೆ ನೆನಪಾಗುತ್ತಿಲ್ಲ. 1996ರಲ್ಲಿ ಇಲಿನಾಯ್‌ನ ರಾಕ್‌ಫರ್ಡ್ ಶಾಲೆಗಳು ಅದನ್ನು ತೆಗೆದುಹಾಕಿದವು. ಅದು ಎಷ್ಟೋ ಮಕ್ಕಳನ್ನು ಉಳಿಸಿದೆ ಎಂದೇ ಬೆಂಬಲಿಗರು ವಾದಿಸಿದರು. ಆಮೇಲೆ ಏನಾಯಿತು? ಯಾರಿಗಾಗಿ ಬರೆದದ್ದೋ ಆ ಮಗನೇ ಕೊಲೆಯತ್ನದ ಪ್ರಕರಣದಲ್ಲಿ ಜೈಲಿಗೆ ಹೋದ. ರೊಡ್ರಿಗಸ್ ಇದನ್ನು ಮುಚ್ಚಿಡಲಿಲ್ಲ, ಮುಂದೊಂದು ಪುಸ್ತಕದಲ್ಲಿ ತಾವೇ ಬರೆದರು.

ಹಾಗಾದರೆ ಪುಸ್ತಕ ಸೋತಿತೇ? ನೀತಿಪಾಠದ ವಕೀಲರು ಇದಕ್ಕೆ ಉತ್ತರ ಹೇಳಬೇಕು. ಹುಡುಗರನ್ನು ಉಳಿಸುವುದೇ ಅದರ ಕೆಲಸವಾಗಿದ್ದರೆ, ಮೊದಲ ಹುಡುಗನಲ್ಲೇ ಅದು ಸೋತಿದೆ. ಆದರೂ ಅದು ಒಳ್ಳೆಯ ಪುಸ್ತಕವೇ. ಬಡತನ, ಪೊಲೀಸರ ಲಾಠಿ, ತಾನಿರುವ ದೇಶದಲ್ಲಿ ತಾನೇ ಪರಕೀಯನಾದ ಅವಮಾನ, ಇವುಗಳ ನಡುವೆ ಗ್ಯಾಂಗು ಮನೆಯ ಹಾಗೆ ಕಾಣಿಸುವುದು ಹೇಗೆಂದು ಅದು ಒಳಗಿನಿಂದ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಒಂದು ಪುಸ್ತಕದಿಂದ ಕೇಳುವುದು ಅನ್ಯಾಯ.

ಈ ಷರತ್ತನ್ನು ಸಾರಾಸಗಟಾಗಿ ತಿರಸ್ಕರಿಸಿದ ಕಾದಂಬರಿಯೂ ಇದೆ. ಹಾರ್ಲೆಮ್‌ನಲ್ಲಿ ಬೆಳೆದ ವಾಲ್ಟರ್ ಡೀನ್ ಮೈಯರ್ಸ್ 1999ರಲ್ಲಿ ಬರೆದ ‘ಮಾನ್‌ಸ್ಟರ್’. ಮರುವರ್ಷ ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಮೊತ್ತಮೊದಲ ಪ್ರಿಂಟ್ಸ್ ಪ್ರಶಸ್ತಿ ಅದಕ್ಕೇ ಸಂದಿತು. ಹದಿನಾರರ ಹುಡುಗ ಸ್ಟೀವ್ ಹಾರ್ಮನ್ ಮೇಲೆ ಕೊಲೆಯ ಆರೋಪ. ಔಷಧಿ ಅಂಗಡಿಯ ದರೋಡೆಯಲ್ಲಿ ಮಾಲೀಕ ಸತ್ತಿದ್ದಾನೆ. ಅಂಗಡಿಯೊಳಗೆ ಪೊಲೀಸರಿಲ್ಲವೆಂದು ನೋಡಿ ಬಂದವನು ಸ್ಟೀವ್ ಎಂಬುದು ಸರ್ಕಾರದ ವಾದ. ಅವನಿಗೋ ಸಿನಿಮಾ ಹುಚ್ಚು. ತನ್ನ ವಿಚಾರಣೆಯನ್ನೇ ಚಿತ್ರಕಥೆಯಾಗಿ ಬರೆಯುತ್ತಾನೆ, ನಡುನಡುವೆ ಜೈಲಿನ ಟಿಪ್ಪಣಿ. ತೀರ್ಪು ಅವನ ಪರವಾಗಿಯೇ ಬರುತ್ತದೆ. ಸಂತೋಷದಿಂದ ಅಪ್ಪಿಕೊಳ್ಳಲು ಹೋದರೆ ಅವನ ವಕೀಲೆಯೇ ಮುಖ ತಿರುಗಿಸುತ್ತಾಳೆ. ಅವನು ನಿಜಕ್ಕೂ ಅಂಗಡಿಗೆ ಹೋಗಿದ್ದನೇ? ನೋಡಿಬಂದು ಸನ್ನೆ ಮಾಡಿದನೇ? ಮೈಯರ್ಸ್ ಬಾಯಿಬಿಡುವುದಿಲ್ಲ. ಓದುವ ಹುಡುಗ ಹುಡುಗಿಯರನ್ನು ಜ್ಯೂರಿಯ ಕುರ್ಚಿಯಲ್ಲಿ ಕೂರಿಸಿ ಎದ್ದುಹೋಗುತ್ತಾರೆ. ಇದರಲ್ಲಿ ಪಾಠ ಯಾವುದು? ಕೆಟ್ಟ ಸಹವಾಸ ಬೇಡವೆಂದೇ? ಅದಕ್ಕೆ ಇಷ್ಟು ಪುಟ ಬೇಕಿರಲಿಲ್ಲ, ಅಜ್ಜಿಯ ಒಂದು ಮಾತು ಸಾಕಿತ್ತು.

ಜಾಮೀನು ಕೇಳುವ ಚಾಳಿ ಬರವಣಿಗೆಯನ್ನೂ ಕೆಡಿಸಿದೆ. ಗ್ಯಾಂಗು ಸೇರಿದವನು ಕೊನೆಯ ಅಧ್ಯಾಯದೊಳಗೆ ಸಾಯಬೇಕು, ಇಲ್ಲವೇ ಪಶ್ಚಾತ್ತಾಪಪಟ್ಟು ಕಾಲೇಜು ಸೇರಬೇಕು. ಜತೆಗೆ, ಕಥೆ ನಿಜವಾಗಿ ನಡೆದದ್ದೆಂಬ ಮುದ್ರೆಯೂ ಬೇಕು. 2008ರಲ್ಲಿ ಮಾರ್ಗರೆಟ್ ಸೆಲ್ಟ್ಸರ್ ಎಂಬುವರು ಬೇರೆ ಹೆಸರಿನಲ್ಲಿ ‘ಲವ್ ಅಂಡ್ ಕಾನ್‌ಸಿಕ್ವೆನ್ಸಸ್’ ಪ್ರಕಟಿಸಿ, ತಾನು ಲಾಸ್ ಏಂಜಲೀಸ್‌ನ ಬ್ಲಡ್ಸ್ ಗ್ಯಾಂಗಿಗೆ ಮಾದಕವಸ್ತು ಸಾಗಿಸುತ್ತ ಬೆಳೆದವಳು ಎಂದರು. ವಿಮರ್ಶಕರು ಹೊಗಳಿದರು. ಪತ್ರಿಕೆಯಲ್ಲಿ ಫೋಟೊ ನೋಡಿದ ಸ್ವಂತ ಅಕ್ಕನೇ ಪ್ರಕಾಶಕರಿಗೆ ಫೋನು ಮಾಡಿದಾಗ ಗೊತ್ತಾದದ್ದು, ಲೇಖಕಿ ಅನುಕೂಲಸ್ಥರ ಬಡಾವಣೆಯಲ್ಲಿ ಬೆಳೆದು ಖಾಸಗಿ ಶಾಲೆಯಲ್ಲಿ ಓದಿದವರೆಂದು. ಪುಸ್ತಕಗಳನ್ನು ವಾಪಸು ತರಿಸಿಕೊಂಡರು. ಕಾದಂಬರಿ ಎಂದು ಕರೆದಿದ್ದರೆ ಅದು ಮೋಸವೇ ಆಗುತ್ತಿರಲಿಲ್ಲ. ಆದರೆ ಕೇರಿಯ ಕಷ್ಟವನ್ನು ಕೊಳ್ಳಲು ಬಂದವರಿಗೆ ಕಲ್ಪನೆ ಬೇಕಿರಲಿಲ್ಲ, ಗಾಯದ ಗುರುತು ಬೇಕಿತ್ತು.

ಇದಕ್ಕೆ ತದ್ವಿರುದ್ಧ ಲಂಡನ್ನಿನ ಅಲೆಕ್ಸ್ ವೀಟಲ್. ಗಾಯದ ಗುರುತು ಬೇಕೆಂದರೆ ಅವರಲ್ಲಿ ಬೇಕಾದಷ್ಟಿತ್ತು: ಬಾಲಗೃಹದಲ್ಲಿ ಬಾಲ್ಯ, 1981ರ ಬ್ರಿಕ್ಸ್ಟನ್ ಗಲಭೆಯ ನಂತರ ಜೈಲು. ಆದರೂ ಹದಿಹರೆಯದವರಿಗೆ ಬರೆಯುವಾಗ ಅವರು ಕ್ರಾಂಗ್ಟನ್ ಎಂಬ ಇಲ್ಲದ ಊರನ್ನೇ ಕಟ್ಟಿದರು, ಅದಕ್ಕೊಂದು ಪಡ್ಡೆಮಾತನ್ನೂ ಸ್ವತಃ ಹೊಸೆದರು. ‘ಕ್ರಾಂಗ್ಟನ್ ನೈಟ್ಸ್’ಗೆ 2016ರಲ್ಲಿ ಗಾರ್ಡಿಯನ್ ಮಕ್ಕಳ ಸಾಹಿತ್ಯ ಪ್ರಶಸ್ತಿ ಬಂತು. ಪುಸ್ತಕ ವೀಟಲ್‌ರನ್ನು ಉಳಿಸಿತು ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಜೈಲಿನ ಕೋಣೆಯಲ್ಲಿ ಜತೆಗಿದ್ದ ರಾಸ್ತಾಫಾರಿಯನ್ ಹಿರಿಯ ಅವರ ಕೈಗಿಟ್ಟದ್ದು ಗ್ಯಾಂಗು ಬಿಡಿ ಎಂದು ಬೋಧಿಸುವ ಕಥೆಯನ್ನಲ್ಲ. ಹೈಟಿಯ ಗುಲಾಮರ ಕ್ರಾಂತಿಯ ಬಗ್ಗೆ ಸಿ.ಎಲ್.ಆರ್. ಜೇಮ್ಸ್ ಬರೆದ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ ಎಂಬ ಚರಿತ್ರೆಯನ್ನು. ಯಾವ ಸಮಿತಿ ಕೂತು ಯೋಚಿಸಿದ್ದರೂ ಆ ಆಯ್ಕೆ ಮಾಡುತ್ತಿರಲಿಲ್ಲ.

ನಿಷೇಧ ಕೇಳುವವರ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾರೆ. ಇಂಥ ಕಥೆಗಳಲ್ಲಿ ಗ್ಯಾಂಗು ಆಕರ್ಷಕವಾಗಿ ಕಾಣಿಸುತ್ತದೆ ಎನ್ನುತ್ತಾರೆ. ಹೌದು, ಕಾಣಿಸಲೇಬೇಕು. ದುಡ್ಡು, ಬೈಕು, ಕಾವಲಿಗೊಬ್ಬ ಅಣ್ಣ, ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುವ ಗತ್ತು, ಇವ್ಯಾವುವೂ ಇಲ್ಲದ ಗ್ಯಾಂಗನ್ನು ಯಾರು ಸೇರುತ್ತಾರೆ? ಆಕರ್ಷಣೆಯನ್ನು ಅಳಿಸಿದ ಕಾದಂಬರಿಯನ್ನು ಕೇರಿಯ ಹುಡುಗ ಎರಡನೇ ಪುಟದಲ್ಲೇ ಸುಳ್ಳೆಂದು ಹಿಡಿಯುತ್ತಾನೆ. ತನ್ನ ಮಗಳಿಗೆ ಇದು ಬೇಡ ಎನ್ನುವ ತಾಯಿಯ ಜತೆ ನನಗೆ ಜಗಳವಿಲ್ಲ. ಊರಿನ ಮಕ್ಕಳಿಗೆಲ್ಲ ಬೇಡ ಎಂದಾಗ ಜಗಳ.

ಆ ಜಗಳ ಈಗ ಬಿಗಡಾಯಿಸಿದೆ. 2023–24ರ ಶಾಲಾ ವರ್ಷದಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪುಸ್ತಕ ತಡೆಹಿಡಿದ 10,046 ಪ್ರಸಂಗಗಳನ್ನು ಲೇಖಕರ ಸಂಘಟನೆ ಪೆನ್ ಅಮೆರಿಕ ಲೆಕ್ಕಹಾಕಿತು. 2025ರಲ್ಲಿ ಟೆಕ್ಸಸ್ ಭಾಗದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕ ತೆಗೆದರೆ ಓದುಗರು ಅದನ್ನು ಸಂವಿಧಾನದ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ ಎಂದಿತು. ಕಪಾಟು ಆಡಳಿತದ ಕೈಗೆ ಹೋದಮೇಲೆ ಯಾವ ಪಾಠ ಒಳ್ಳೆಯದೆಂದು ನಿರ್ಧರಿಸುವವರೂ ಅವರೇ. ಪಾಠವಿದೆ, ಬಿಟ್ಟುಬಿಡಿ ಎಂದು ಇಷ್ಟು ವರ್ಷ ಅಂಗಲಾಚಿದವರು ಈಗ ಯಾವ ಬಾಯಲ್ಲಿ ಬೇರೆ ಮಾತು ಆಡುತ್ತಾರೆ?

ಕನ್ನಡಕ್ಕೆ ಇದರ ಉಸಾಬರಿ ಏಕೆ ಎನ್ನಬಹುದು. ನಮ್ಮಲ್ಲಿ ರೌಡಿಗಳ ಕಥೆಗೆ ಬರವಿಲ್ಲ. ನಿಜವಾದ ರೌಡಿಗಳೇ ಬಣ್ಣ ಹಚ್ಚಿದ ‘ಓಂ’ 1995ರಿಂದ ಎಷ್ಟು ಸಲ ಮರುಬಿಡುಗಡೆ ಕಂಡಿದೆಯೋ ಲೆಕ್ಕವಿಟ್ಟವರೇ ಬಲ್ಲರು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಇದೆ, ಅದರಿಂದ ಹುಟ್ಟಿದ ‘ಆ ದಿನಗಳು’ ಸಿನಿಮಾ ಇದೆ. ಎಲ್ಲವೂ ದೊಡ್ಡವರ ಕಣ್ಣಿನಲ್ಲಿ. ಲಾಂಗು ಬಚ್ಚಿಡಲು ಅಣ್ಣಂದಿರು ಕರೆದ ಹದಿನೈದರ ಹುಡುಗನ ಕಣ್ಣಿನಿಂದ, ಹದಿನೈದರವರೇ ಓದಲೆಂದು ಬರೆದ ಕಾದಂಬರಿ ಎಲ್ಲಿದೆ? ನಮ್ಮ ಕಾನೂನು ಅವನನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಡಿ, ಘೋರ ಅಪರಾಧವಾದರೆ ಹದಿನಾರು ತುಂಬಿದವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದು. ಹಾರ್ಲೆಮ್‌ನ ಸ್ಟೀವ್ ಕೂತ ಕುರ್ಚಿ ಬೆಂಗಳೂರಿನಲ್ಲೂ ಇದೆ. ಮಕ್ಕಳ ಸಾಹಿತ್ಯವೆಂದರೆ ನಮ್ಮ ಪ್ರಕಾಶಕರಿಗೆ ಇನ್ನೂ ಮೊಲ, ನರಿ, ಸತ್ಯಸಂಧ ಹಸು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಅಚ್ಚು ಹಾಕುವವರು ಆಯ್ಕೆ ಸಮಿತಿ ಹುಬ್ಬೇರಿಸುವಂಥದ್ದನ್ನು ಮುಟ್ಟುವುದಿಲ್ಲ. ಆದರೂ ಯಾರೋ ಒಬ್ಬರು ಬರೆದೇ ಬರೆಯುತ್ತಾರೆ. ಆ ಪುಸ್ತಕದ ಬೆನ್ನುಡಿಯಲ್ಲಿ ದಯವಿಟ್ಟು ‘ಯುವಜನತೆಗೆ ದಾರಿದೀಪ’ ಎಂದು ಮಾತ್ರ ಅಚ್ಚು ಹಾಕಬೇಡಿ.