ಸುದ್ದಿ ಬರೆಯೋಕೂ ಡಿಗ್ರಿ ಬೇಕೇ?

ಮೊನ್ನೆ ಸಂತೆಪೇಟೆಯ ದಿನಸಿ ಅಂಗಡಿ ಶೆಟ್ಟರೊಬ್ಬರು ಬೆಲ್ಲ ತೂಗುತ್ತಿದ್ದ ಕೈ ನಿಲ್ಲಿಸಿ ನಮ್ಮನ್ನು ಕರೆದರು. "ಬಾಪ್ಪ ರಿಪೋರ್ಟರು, ಒಂದು ನ್ಯಾಯ ಹೇಳು. ಮಗಳು ಪಿಯುಸಿ ಪಾಸಾಗಿದಾಳೆ. ಬಿ.ಕಾಂ. ಮಾಡಿ ಅಂಗಡಿ ಲೆಕ್ಕ ನೋಡ್ಕೊಳಮ್ಮ ಅಂದ್ರೆ, ಜರ್ನಲಿಸಂ ಓದ್ತೀನಿ ಅಂತ ಹಟ ಹಿಡಿದಿದಾಳೆ. ನೀನು ಪಿಯುಸಿ ಅರ್ಧಕ್ಕೇ ಬಿಟ್ಟೋನು, ದಿನಾ ಬರೀತಿಲ್ವಾ? ಸುದ್ದಿ ಬರೆಯೋಕೂ ಡಿಗ್ರಿ ಬೇಕೇನಪ್ಪ?"

ಗಿರಾಕಿಗಳು ನಕ್ಕರು. ನಾವೂ ನಕ್ಕೆವು. ಆದರೆ ಸಾಯಂಕಾಲ ನಂಜನಗೂಡು ಬಸ್ಸು ಹತ್ತಿ ಕೂತ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಶೆಟ್ಟರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಕೂಡ ಪಾಸು ಮಾಡಿರಲಿಲ್ಲ. ಆದರೂ ಪತ್ರಿಕೆ ನಡೆಸಿ ದೊಡ್ಡವರಾದರು. 1961ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಸ್ವಾಮಿ, ಪಾಸಾಗದವರೆಲ್ಲ ಡಿವಿಜಿ ಆಗುವುದಿಲ್ಲ. ಅವರು ಕಾಲೇಜಿಗೆ ಹೋಗದೆ ಓದಿದ್ದನ್ನು ನಾವು ಕಾಲೇಜಿಗೆ ಹೋಗಿಯೂ ಓದಲಿಲ್ಲ!

ಇನ್ನೊಂದು ಮಾತು. ಈ ವಿದ್ಯೆ ನಮ್ಮೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಯಂತ್ರ ಇಟ್ಟು ರೇಡಿಯೋ ನಡೆಸಿದರು. ದೇಶಕ್ಕೆಲ್ಲ ಗೊತ್ತಿರುವ 'ಆಕಾಶವಾಣಿ' ಎಂಬ ಹೆಸರು ಇಲ್ಲಿಂದಲೇ ಹೋಯಿತು. 1951ರಲ್ಲಿ ಅದೇ ಕಾಲೇಜಿನಲ್ಲಿ ಪತ್ರಿಕೋದ್ಯಮದ ತರಗತಿ ಶುರುವಾಯಿತು. ನಾಡಿಗ ಕೃಷ್ಣಮೂರ್ತಿಯವರು ಅದನ್ನು ಕಟ್ಟಿ ಬೆಳೆಸಿದರು. ಮುಂದೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಬಂತು. ದಿಲ್ಲಿಯಲ್ಲಿ ಕೇಂದ್ರ ಸರ್ಕಾರ ಇಂಥದೊಂದು ಸಂಸ್ಥೆ ತೆರೆದದ್ದು 1965ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಮೈಸೂರಿನ ಹುಡುಗರು ಸುದ್ದಿಯ ಪಾಠ ಕೇಳುತ್ತಿದ್ದರು.

ಆ ಪಾಠದಿಂದ ಏನು ಪ್ರಯೋಜನ? ನಮ್ಮದೇ ಕಥೆ ಹೇಳುತ್ತೇವೆ.

ಕೆಲಸಕ್ಕೆ ಸೇರಿದ ಹೊಸತು. ತೂಕದಲ್ಲಿ ಮೋಸ ಅಂತ ಒಂದು ಅಂಗಡಿ ಮೇಲೆ ದಾಳಿ ಆಯಿತು. ಅದೇ ಬೀದಿಯಲ್ಲಿ ಅದೇ ಹೆಸರಿನ ಅಂಗಡಿ ಎರಡಿದ್ದವು. ನಾವು ಯಾರೋ ಹೇಳಿದ್ದನ್ನು ನಂಬಿ, ವಿಚಾರಿಸದೆ, ತಪ್ಪು ಮಾಡದವರ ಅಂಗಡಿಯ ಗುರುತು ಬರೆದುಬಿಟ್ಟೆವು. ಸುದ್ದಿ ಗೇಣುದ್ದ ಬಂತು. ಮರುದಿನ ತಿದ್ದುಪಡಿ ಒಳಪುಟದಲ್ಲಿ, ಸಿನಿಮಾ ಜಾಹೀರಾತಿನ ಪಕ್ಕ, ಬೆರಳುದ್ದ! ಆ ಮನುಷ್ಯ ಬಂದು ಕೂಗಾಡಲಿಲ್ಲ. ಪೇಪರನ್ನು ಮೇಜಿನ ಮೇಲೆ ಇಟ್ಟು, "ಒಂದು ಸಲ ಬಂದು ಕೇಳಬಹುದಿತ್ತಲ್ಲ?" ಅಂದು ಹೊರಟುಹೋದರು. ಇವತ್ತಿಗೂ ನಾವು ಆ ಬೀದಿಯಲ್ಲಿ ಹೋದರೆ ಮುಖ ತಿರುಗಿಸುತ್ತಾರೆ.

'ಎರಡು ಕಡೆ ಕೇಳು, ಆಮೇಲೆ ಬರೆ' ಎಂಬುದು ಪತ್ರಿಕೋದ್ಯಮ ತರಗತಿಯ ಮೊದಲ ಪಾಠ. ನಾವು ಅದನ್ನು ಇನ್ನೊಬ್ಬರ ಮಾನ ಕಳೆದು ಕಲಿತೆವು. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ತರಗತಿಯಲ್ಲಿ ಇನ್ನೂ ಎಷ್ಟೋ ಇದೆ. ಮಾನನಷ್ಟದ ಕಾನೂನು ಏನು? ಹಳೆಯ ಐಪಿಸಿ ಹೋಗಿ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಮು. ಅತ್ಯಾಚಾರಕ್ಕೆ ಒಳಗಾದವರ ಹೆಸರು ಬಯಲು ಮಾಡಿದರೆ 72ನೇ ಕಲಮು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನದಲ್ಲಿ ಕಚೇರಿ ಉತ್ತರ ಕೊಡಬೇಕು. ಇವೆಲ್ಲ ಗೊತ್ತಿರುವ ಹುಡುಗಿಯನ್ನು ಯಾವ ಅಧಿಕಾರಿಯೂ 'ನಾಳೆ ಬಾ' ಅಂತ ಸುಲಭಕ್ಕೆ ಸಾಗಹಾಕಲಾರ. ಇವತ್ತು ಎಲ್ಲರ ಕೈಯಲ್ಲೂ ಮೊಬೈಲ್. ಬಸ್ಸಿನ ಪಕ್ಕದ ಸೀಟಿನವರೂ ಸುದ್ದಿ ಹರಡುವವರೇ. ಯಾವುದು ನಿಜ, ಯಾವುದು ಬುರುಡೆ ಅಂತ ಸೋಸಿ ನೋಡುವವರು ಈಗ ಹಿಂದಿಗಿಂತ ಹೆಚ್ಚು ಬೇಕು.

ಹಾಗಂತ ಕಣ್ಣು ಮುಚ್ಚಿ ಫೀಸು ಕಟ್ಟಬೇಡಿ. ಕಾಲೇಜಿಗೆ ಹೋಗಿ ಕೇಳಿ: ಮಕ್ಕಳೇ ಬರೆದು, ಪುಟ ಕಟ್ಟಿ ತರುವ ಪ್ರಯೋಗ ಪತ್ರಿಕೆ ಇದೆಯೇ? ಕ್ಯಾಮೆರಾ ಮಕ್ಕಳ ಕೈಗೆ ಸಿಗುತ್ತದೋ, ಬೀರುವಿನಲ್ಲಿ ಬೀಗ ಹಾಕಿಕೊಂಡಿದೆಯೋ? ಪತ್ರಿಕೆಯಲ್ಲಿ ದುಡಿದು ಬಂದ ಮೇಷ್ಟ್ರು ಒಬ್ಬರಾದರೂ ಇದ್ದಾರೆಯೇ? ಬರೀ ನೋಟ್ಸು ಬರೆಸುವ ಕಡೆ ಸೇರಿದರೆ ಕೈಗೆ ಡಿಗ್ರಿ ಬರುತ್ತದೆ, ಸುದ್ದಿ ಬರುವುದಿಲ್ಲ. ಸಂಬಳವೂ ಬ್ಯಾಂಕಿನ ಕೆಲಸದಂತೆ ಇರುವುದಿಲ್ಲ. ಇದನ್ನು ಮುಚ್ಚಿಟ್ಟರೆ ನಮಗೇ ಪಾಪ.

ಪತ್ರಿಕಾ ಮಾಲೀಕರಿಗೂ ಒಂದು ಮಾತು. ತರಬೇತಿ ಹೆಸರಲ್ಲಿ ಬರುವ ಮಕ್ಕಳಿಂದ ತಿಂಗಳುಗಟ್ಟಲೆ ಪುಕ್ಕಟೆ ಕೆಲಸ ಮಾಡಿಸಬೇಡಿ. ಬಸ್ ಚಾರ್ಜು, ಮಧ್ಯಾಹ್ನದ ಊಟದ ಕಾಸಾದರೂ ಕೊಡಿ. ವಿಶ್ವವಿದ್ಯಾನಿಲಯದವರೂ ತಾಲ್ಲೂಕುಗಳಲ್ಲಿ ದುಡಿಯುವ ನಮ್ಮಂಥ ಅರ್ಧ ಓದಿದವರಿಗೆ ಭಾನುವಾರ ನಾಲ್ಕು ಪಾಠ ಹೇಳಿದರೆ ಗಂಟೇನೂ ಹೋಗುವುದಿಲ್ಲ. ನಾವು ಮುಂದಿನ ಬೆಂಚಿನಲ್ಲೇ ಕೂರುತ್ತೇವೆ.

ಶೆಟ್ಟರೇ, ನಿಮ್ಮ ತಕ್ಕಡಿಗೆ ಇಲಾಖೆಯವರ ಹತ್ತಿರ ಮುದ್ರೆ ಹಾಕಿಸುತ್ತೀರಲ್ಲ, ಯಾಕೆ? ಗಿರಾಕಿಗೆ ಮೋಸ ಆಗಬಾರದು ಅಂತ ತಾನೆ? ಸುದ್ದಿಯೂ ತೂಗಿ ಕೊಡುವ ಸಾಮಾನೇ. ಹುಡುಗಿ ತೂಗುವುದು ಕಲಿಯಲಿ, ಓದಿಸಿ. ನಮ್ಮ ಕೈಯಲ್ಲಿ ಒಮ್ಮೆ ತಪ್ಪಿದ ತೂಕ ಅವಳ ಕೈಯಲ್ಲಿ ತಪ್ಪದಿರಲಿ.