ಹೊಳೆಯ ನೀರೂ ಅದರ ಸಾಕ್ಷಿಗಳೂ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ ನದಿಗಳ 351 ಭಾಗಗಳು ಮಲಿನವಾಗಿರುವವೆಂದು ಗೊತ್ತುಪಡಿಸಿತು. 2022ರ ವರದಿಯಲ್ಲಿ ಆ ಸಂಖ್ಯೆಯು 311ಕ್ಕೆ ಇಳಿಯಿತು. ಕರ್ನಾಟಕದ ಪಾಲು ಮಾತ್ರ ಎರಡು ಸಲವೂ 17. ಸಂಖ್ಯೆ ಇಳಿದುದಕ್ಕೆ ಸಂತೋಷಪಡುವ ಮುನ್ನ, ಈ ಎಣಿಕೆಯು ಯಾವ ಅಳತೆಗೋಲಿನಿಂದ ನಡೆಯಿತೆಂಬುದನ್ನು ವಿಚಾರಿಸುವದು ವಿವೇಕಿಗಳಾದ ಪೌರರ ಕರ್ತವ್ಯವಾಗಿದೆ.

ಆ ಅಳತೆಗೋಲು ಒಂದೇ ಒಂದು. ನೀರಿನಲ್ಲಿಯ ಹೊಲಸನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುವದೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಾರೆ. ಅದು ಲೀಟರಿಗೆ 3 ಮಿಲಿಗ್ರಾಮ್ ಮೀರಿದರೆ ಹೊಳೆಯು ಮಲಿನ. 30ನ್ನು ಮೀರಿದರೆ ಅತ್ಯಂತ ಕೆಟ್ಟ ತರಗತಿಗೆ ಸೇರಿತು. ಈ ಪರೀಕ್ಷೆಯು ಅವಶ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೀಸೆಯಲ್ಲಿ ತುಂಬಿದ ನೀರು ತನ್ನನ್ನು ತುಂಬಿದ ಗಳಿಗೆಯ ಸಂಗತಿಯನ್ನಷ್ಟೇ ಹೇಳಬಲ್ಲದು. ಹಗಲಿನಲ್ಲಿ ಜಲಸಸ್ಯಗಳು ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಅವೂ ಅದನ್ನೇ ಸೇವಿಸುತ್ತವೆ. ಆದುದರಿಂದ ಹೊಲಸು ತುಂಬಿದ ನೀರಿನಲ್ಲಿ ಪ್ರಾಣವಾಯುವು ತೀರ ಕಡಿಮೆಯಾಗುವದು ಬೆಳಗಿನ ಜಾವಕ್ಕೆ. ಮೀನುಗಳು ಸಾಯುವದೂ ಆಗಲೇ. ತಿಂಗಳಿಗೊಮ್ಮೆ ನಡುಹಗಲಿನಲ್ಲಿ ಬಂದು ನೀರು ತುಂಬಿಕೊಂಡು ಹೋಗುವ ನೌಕರನಿಗೆ ಇದು ಕಾಣುವ ಬಗೆ ಹೇಗೆ? ನಡುರಾತ್ರಿಯಲ್ಲಿ ಬಿಟ್ಟ ಕಾರಖಾನೆಯ ಕೊಳೆಯು ಮರುದಿನ ಹತ್ತು ಗಂಟೆಗೆ ಎಷ್ಟೋ ಹರದಾರಿ ದಾಟಿರುವದು.

ನೀರೊಳಗೆ ಬಾಳುವ ಜೀವಿಗಳಿಗೆ ಕಚೇರಿಯ ವೇಳೆಯೆಂಬುದಿಲ್ಲ. ಕಲ್ಲಿನ ಅಡಿಗೆ ಅಂಟಿಕೊಂಡು ಕಿವಿರುಗಳಿಂದ ಉಸಿರಾಡುವ ಮೇಫ್ಲೈ ಮುಂತಾದ ಕೀಟಗಳ ಮರಿಗಳು ಆಮ್ಲಜನಕವು ತಗ್ಗಿದೊಡನೆ ಮಾಯವಾಗುತ್ತವೆ. ಕೆಸರಿನಲ್ಲಿಯ ಕೆಂಪು ಹುಳುಗಳು ಉಳಿದು ಹೆಚ್ಚುತ್ತವೆ. ಯಾರು ಉಳಿದರು, ಯಾರು ಅಳಿದರು ಎಂಬುದೇ ಹೊಳೆಯ ಹಲವು ತಿಂಗಳ ಚರಿತ್ರೆ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸ್ಸೋನ್ ಎಂಬ ವಿಜ್ಞಾನಿಗಳು ಈ ತತ್ತ್ವವನ್ನು 1908-09ರಲ್ಲಿಯೇ ಶಾಸ್ತ್ರಬದ್ಧಗೊಳಿಸಿದರು. ಕೀಟದ ಕುಟುಂಬಗಳಿಗೆ 1ರಿಂದ 10ರ ವರೆಗೆ ಅಂಕ ಕೊಡುವ ಪದ್ಧತಿಯು ಬ್ರಿಟನ್ನಿನಲ್ಲಿ ಬೆಳೆಯಿತು. ನಮ್ಮ ಕೇಂದ್ರ ಮಂಡಳಿಯೂ ಯಮುನೆಯಲ್ಲಿ ಇಂಥ ಪರೀಕ್ಷೆ ನಡೆಸಿರುವದು. ವಿಷವು ಯಾವುದೆಂಬುದನ್ನು ರಸಾಯನಶಾಸ್ತ್ರವೇ ಹೇಳಬೇಕು. ವಿಷವು ಹರಿಯಿತೆಂಬ ಸಾಕ್ಷಿಯನ್ನು ಜೀವಿಗಳು ಹೇಳುತ್ತವೆ. ನ್ಯಾಯಕ್ಕೆ ಎರಡೂ ಬೇಕು.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಯನ್ನು ಸೇರುವದು. ಅಲ್ಲಿಯ ನೊರೆಯನ್ನು ನೋಡಿದವರಿಗೆ ಅಂಕಿಸಂಖ್ಯೆಗಳು ಬೇಕಿಲ್ಲ. ಆ ನೀರಿನಿಂದಲೇ ರೈತರು ಬೆಳೆ ತೆಗೆಯುತ್ತ ಬಂದಿದ್ದಾರೆ. ಮುಂದೆ ಅದು ಅರ್ಕಾವತಿಯನ್ನೂ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತದೆ. ಪಟ್ಟಣದವರು ಚೆಲ್ಲಿದ್ದನ್ನು ಹಳ್ಳಿಯವರು ಉಣ್ಣಬೇಕಾದುದು ಯಾವ ಧರ್ಮ?

ಸರಕಾರಕ್ಕೆ ಅಧಿಕಾರದ ಕೊರತೆಯಿಲ್ಲ. 1974ರ ಜಲಮಾಲಿನ್ಯ ಕಾಯಿದೆಗೆ 1988ರಲ್ಲಿ ಆದ ತಿದ್ದುಪಡಿಯಿಂದ, ಕೊಳೆ ಬಿಡುವ ಕಾರಖಾನೆಯನ್ನು ಮುಚ್ಚಿಸುವ, ಅದರ ವಿದ್ಯುತ್ತನ್ನೂ ನೀರನ್ನೂ ನಿಲ್ಲಿಸುವ ಅಧಿಕಾರವು ಮಂಡಳಿಗೆ ದೊರೆತಿದೆ. ಕೊರತೆಯಿರುವದು ನಿತ್ಯದ ಕಾವಲಿನದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಪ್ರವಾಹ ಇಳಿದ ಮೇಲೆ ಒಮ್ಮೆ, ಊರಿನ ಮೇಲ್ಗಡೆಯ ಶುದ್ಧ ಭಾಗದೊಡನೆ ಹೋಲಿಸಿ, ಪ್ರತಿಯೊಂದು ಹೊಳೆಯ ಜೀವಿಗಳ ಎಣಿಕೆಯಾಗಲಿ. ಜಿಲ್ಲೆಯ ಕಾಲೇಜುಗಳ ಪ್ರಾಣಿಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದಕ್ಕೆ ನೆರವಾಗಬಲ್ಲರು. ಬೇಕಾಗುವ ಬಲೆ, ತಟ್ಟೆ, ಭೂತಗನ್ನಡಿಗಳಿಗೆ ದೊಡ್ಡ ವೆಚ್ಚವಿಲ್ಲ. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಹಾಗೂ ನಗರಸಭೆಯ ಬಾಗಿಲಿಗೆ ಅಂಟಿಸಲಿ. ಮೇಲ್ಗಡೆ ಇದ್ದ ಜೀವಿಯು ಕೆಳಗಡೆ ಇಲ್ಲವಾದರೆ, ನಡುವೆ ಯಾರ ಕೊಳವೆಯಿದೆ ಎಂದು ಕೇಳುವ ಹಕ್ಕು ಆಗ ಪ್ರತಿಯೊಬ್ಬ ಪೌರನಿಗೂ ಬರುವದು. ಉತ್ತರ ಕೊಡುವ ಹೊಣೆಯಿಂದ ಅಧಿಕಾರಿವರ್ಗವೂ ಜಾರಿಕೊಳ್ಳಲಾರದು.